ಕೊನೆಯ ಚುಕ್ಕಿ

ಉಣ್ಣೆಯಂಗಡಿಯ ಹಿಂದಿನ ಕೋಣೆ.
ನೂಲಿನ ಲಡಿಗಳನ್ನು ಅತ್ತಿತ್ತ ಸರಿಸಿ
ಲ್ಯಾಪ್‌ಟಾಪಿಗೆ ಒಂದು ಗೇಣು ಜಾಗ.
ಕಿಟಕಿಯಾಚೆ ವೋಗುರ್ ಬಂದರು,
ಮಂಜು ತಿಂದುಳಿಸಿದ ಅರ್ಧ ದೋಣಿ.

ನಾನು ಮೀನು ಕಾರ್ಖಾನೆಯಲ್ಲಿ ಶೀತಲಯಂತ್ರ ನೋಡಿಕೊಳ್ಳುವವನು.
ಈ ದ್ವೀಪದ ತುದಿಯಲ್ಲಿ
ಪಾಸ್‌ವರ್ಡು ಮರೆಯದವನು ನಾನೊಬ್ಬನೇ ಎಂದು
ಈ ಕೆಲಸವೂ ನನ್ನ ಹೆಗಲಿಗೇ ಬಿತ್ತು.

ಶುಕ್ರವಾರ ರಾತ್ರಿ ಹೊಸ ಸರ್ವರಿಗೆ ಬಿಡಾರ ಬದಲು.
ಕಂಟ್ರೋಲ್ ಪ್ಯಾನೆಲ್ಲಿನೊಳಗೆ ಹೆಸರುಗಳ ಪಟ್ಟಿ;
ಎಡಕ್ಕೆ ಹೆಸರು, ಬಲಕ್ಕೆ ವಿಳಾಸ,
ನಡುವೆ ಎ, ಎಂಎಕ್ಸ್, ಟಿಎಕ್ಸ್‌ಟಿ,
ಒಂದೊಂದಕ್ಕೂ ಅದರದರ ಹಟ.

ಅಂಚೆಯ ಸಾಲಿನಲ್ಲಿ
ಹೆಸರಿನ ಕೊನೆಗೆ ಒಂದು ಚುಕ್ಕಿ ಇಡಬೇಕಿತ್ತು.
ನಿದ್ದೆಗಣ್ಣು. ಇಡಲಿಲ್ಲ.

ಚುಕ್ಕಿಯಿಲ್ಲದ ಹೆಸರಿಗೆ
ತಾನು ಮುಗಿದೆನೆಂಬುದು ತಿಳಿಯದು.
ಹೊಸ್ತಿಲು ದಾಟಿಯೂ ಮಾತು ಮುಗಿಸದ ನೆಂಟನ ಹಾಗೆ
ಹೇಳಿದ್ದನ್ನೇ ಮತ್ತೆ ಹೇಳುತ್ತದೆ:
ಅಂಗಡಿಯ ಅಂಚೆ ಎನ್ನುವುದು
ಅಂಗಡಿಯ ಅಂಗಡಿಯ ಅಂಚೆಯಾಗಿ,
ಅಂಥದೊಂದು ಮನೆ ಭೂಮಿಯ ಮೇಲೆಲ್ಲೂ ಇಲ್ಲವಾಗಿ,
ಮೂರು ದಿನ
ಬಂದ ಕಾಗದವೆಲ್ಲ ಬಂದ ದಾರಿಗೇ ಸುಂಕ.
ಬೆರ್ಗೆನ್ನಿನ ಕೈಗವಸು, ಲೀತ್‌ನ ಟೋಪಿಗಳು,
ಓರ್ಹುಸ್‌ನ ಮದುವಣಗಿತ್ತಿ ಕಳಿಸಿದ
ವರನ ಎದೆಯಳತೆ.

ಮಾರ್ನಾ ಫೋನು ಮಾಡಿದಳು.
ಮೇಲ್ ಬರುತ್ತಿಲ್ಲ ಅನ್ನಲಿಲ್ಲ.
"ಯಾರೂ ನನ್ನನ್ನು ಕೇಳ್ತಾ ಇಲ್ಲ ಕಣೋ" ಅಂದಳು.

ಬಂದೆ. ಹುಡುಕಿದೆ. ಚುಕ್ಕಿ ಇಟ್ಟೆ.
ಸಾಸಿವೆಗಿಂತ ಸಣ್ಣದು.

"ಆಯ್ತಾ?"
"ನಮ್ಮ ಕಡೆಯಿಂದ ಆಯ್ತು.
ಹಳೆಯದನ್ನು ಎಷ್ಟು ಹೊತ್ತು ನಂಬಬೇಕು ಅಂತ
ಸಾಲುಸಾಲಿಗೂ ಬರೆದಿರುತ್ತೆ.
ಹದಿನಾಲ್ಕು ಸಾವಿರದ ನಾನೂರು ಸೆಕೆಂಡು.
ಅಂದರೆ ನಾಲ್ಕು ಗಂಟೆ. ಆಮೇಲೆ ಜಗತ್ತು ಮರೆಯುತ್ತೆ,
ಮತ್ತೆ ಬಂದು ಕೇಳುತ್ತೆ."

ಮಾರ್ನಾ ನಕ್ಕಳು, ಸೂಜಿ ನಿಲ್ಲಿಸದೆ.
"ಆ ಹಳದಿ ಮನೆ ನೋಡು. ಇವತ್ತಿಗೂ ಬೇಕರಿ ಅಂತಾರೆ.
ಒಲೆ ಆರಿ ಐವತ್ತು ವರ್ಷ.
ನನ್ನನ್ನು ಈಗಲೂ ಸಾಂದೋಯ್ ಹುಡುಗಿ ಅಂತಾರೆ,
ದೋಣಿ ಇಳಿದಾಗ ನನಗೆ ಹತ್ತೊಂಬತ್ತು.
ನನ್ನ ಸಾಲಿನಲ್ಲಿ ಎಷ್ಟು ಸೆಕೆಂಡು ಬರೆದರೋ ಪುಣ್ಯಾತ್ಮರು."

ಆಮೇಲೆ ಅವಳ ಬೆರಳು ಪರದೆಯ ಮೇಲೆ.
"ಇದೇನು, ದೋಣಿ ಅಂತ?"

ನಾನು ಬೇಕೆಂದೇ ಹಾರಿಸಿದ್ದ ಸಾಲು.
ಹೆಲ್ಗಿ ಇದ್ದಾಗ ಕಟ್ಟೆಯ ಗುಡಿಸಲಿಗೆ ಕ್ಯಾಮೆರಾ ಕಟ್ಟಿದ್ದ,
ಅಡುಗೆಮನೆಯಿಂದಲೇ ತನ್ನ ದೋಣಿ ಕಾಯಲು.
ದೋಣಿ ಮಾರಿ ಮೂರು ವರ್ಷ.
ಹೆಸರು ಮಾತ್ರ ಕೈ ಚಾಚಿಕೊಂಡು
ಅದೇ ದಿಕ್ಕು ತೋರಿಸುತ್ತಿದೆ.

"ತೆಗೆ, ನೋಡೋಣ."
ತೆಗೆದೆ.
ಆ ವಿಳಾಸ ಈಗ ಇನ್ಯಾರದೋ ಪಾಲು:
ಪೋಲೆಂಡಿನ ಒಬ್ಬ ದಂತವೈದ್ಯ,
ಪರದೆ ತುಂಬ ಮೂವತ್ತೆರಡು ಬಿಳಿ ಹಲ್ಲು.

ಮಾರ್ನಾ ನಕ್ಕಳು, ಕೆಮ್ಮು ಬರುವಷ್ಟು,
ಮಡಿಲ ಹೆಣಿಗೆ ಜಾರಿ ಬೀಳುವಷ್ಟು.
"ಹಲ್ಲು ಕೀಳೋರಿಗೆ ಹೆದರಿ
ಲವಂಗ ಅಗಿದೇ ಬದುಕಿದ ಪ್ರಾಣಿ ಅದು.
ಎಲ್ಲಿಗೆ ಹೋಗಿ ಕೂತಿದೆ ನೋಡು!"

ಮೂಗೊರೆಸಿಕೊಂಡಳು.
ಬಿದ್ದ ಹೆಣಿಗೆ ಎತ್ತಿ ಮನೆಗಳನ್ನು ಎಣಿಸಿದಳು,
ಒಂದು ಬಿಟ್ಟುಹೋಗಿತ್ತು, ಹಿಡಿದಳು.

"ಅಳಿಸು."

ಖಚಿತವೇ ಎಂದು ಪ್ಯಾನೆಲ್ಲು ಕೇಳಿತು.
ನಾನೂ ತಿರುಗಿ ನೋಡಿದೆ.

"ಅಳಿಸಿದ ಮೇಲೂ ನಾಲ್ಕು ಗಂಟೆ ಇರುತ್ತೆ ಅಂದೆಯಲ್ಲ?"
"ಇರುತ್ತೆ. ಆದರೆ ಯಾರಾದರೂ
ಈಗಷ್ಟೇ ಕೇಳಿದ್ದರೆ ಮಾತ್ರ."

"ಈಗಷ್ಟೇ ಕೇಳಿದೆವಲ್ಲೋ,
ನೀನೂ ನಾನೂ."

ಒತ್ತಿದೆ.
ಗಡಿಯಾರ ನೋಡಿದಳು. ಮೂರೂ ಹತ್ತು.
ಕಾಫಿಗೆ ನೀರಿಟ್ಟು ಬಂದಳು.
ಮದುವಣಗಿತ್ತಿಯ ಕಾಗದ ಅಷ್ಟರಲ್ಲಿ ಬಂತು:
ಅಳತೆ ತಪ್ಪಾಗಿತ್ತಂತೆ,
ಎರಡು ಅಂಗುಲ ಹೆಚ್ಚು ಹೆಣೆಯಬೇಕಂತೆ.